ಇಲ್ಲದ ಹಾವನ್ನು ನೋಡಲು ಸೇರಿದ ಜನ

ಮಹಾಜನಗಳೇ, ಬೆಳಿಗ್ಗೆಯಿಂದ ಮಾತಾಡಲು ಒಬ್ಬರೂ ಸಿಗದ ಈ ಭಾನುವಾರ ನಾನು ವಿಜ್ಞಾನಕ್ಕೆ ಸೇವೆ ಸಲ್ಲಿಸಿದೆ. ಒಬ್ಬ ಮೇಲೆ ನೋಡುತ್ತ ನಿಂತರೆ ದಾರಿಯಲ್ಲಿ ಹೋಗುವವರೂ ನಿಂತು ನೋಡುತ್ತಾರೆ ಎಂದು ಮನಃಶಾಸ್ತ್ರಜ್ಞರು ಹೇಳುತ್ತಾರಲ್ಲ, ಅದನ್ನು ಪರೀಕ್ಷಿಸಲು ದೇವರಾಜ ಮೊಹಲ್ಲಾದ ಹಳೆಯ ಕಟ್ಟಡವೊಂದರ ಮುಂದೆ ಕತ್ತೆತ್ತಿ ನಿಂತೆ.

ಮೊದಲು ಬಂದವರು ಬಾಳೆಎಲೆ ಕಟ್ಟು ಹಿಡಿದಿದ್ದ ಯಜಮಾನರು.

"ಏನಪ್ಪಾ ಅಲ್ಲಿ?"

"ನೀವೇ ನೋಡಿ ಸಾರ್" ಎಂದೆ, ಪರಮ ಗಂಭೀರವಾಗಿ.

ಅವರು ನನ್ನ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತು ನೋಡಿದರು. ಸುಳ್ಳೇಕೆ, ಖುಷಿಯಾಯಿತು. ಆಮೇಲೆ ಸ್ಕೂಟರಿನವರು ನಿಂತರು, ಹೂವಿನ ಬುಟ್ಟಿಯ ಅಮ್ಮ ನಿಂತರು, ರಸ್ತೆಯೇ ನಿಂತಿತು.

"ಹಾವು ಕಣ್ರೀ! ಸಜ್ಜದ ಸಂದೀಲಿ ನುಗ್ಬುಡ್ತು!" ಎಂದರು ಸ್ಕೂಟರಿನವರು.

"ನಾಗರಹಾವಾ?" ಎಂದು ಅಮ್ಮ ಕೈಮುಗಿದರು.

"ಮತ್ತಿನ್ನೇನು? ಹೆಡೆ ಎತ್ತಿತ್ತು ಕಣಮ್ಮ!"

ತಳ್ಳಾಟದಲ್ಲಿ ನಾನು ಹಿಂದೆ, ಇನ್ನೂ ಹಿಂದೆ ಹೋಗಿ ಗುಂಪಿನಿಂದಲೇ ಹೊರಬಿದ್ದೆ. ತುದಿಗಾಲಲ್ಲಿ ನಿಂತು ಇಣುಕುತ್ತಿದ್ದಾಗ ಅದೇ ಯಜಮಾನರು ತಿರುಗಿ ನೋಡಿದರು. ನನ್ನ ಗುರುತು ಸಿಗಲಿಲ್ಲ.

"ಈಗ ಬಂದ್ಯಾ? ತಡ ಮಾಡ್ಬುಟ್ಟೆ ಕಣಪ್ಪ" ಎಂದು ಮರುಗಿದರು.

ಈಗ ರೂಮಿಗೆ ಬಂದಿದ್ದೇನೆ. ಹಾವಿನ ಬಗ್ಗೆ ಏನಾದರೂ ತಿಳಿದವರು ದಯವಿಟ್ಟು ಫೋನ್ ಮಾಡಿ. ಏನೂ ತಿಳಿಯದವರೂ ಮಾಡಬಹುದು.