ಮಾಯ್ಲೆನ್‌ಗಾಗಿ ಕಲಿತ ಪಟ್ಟು

ಗ್ವಾಂತಾನಮೋ ನಗರದ ಜೂಡೊ ಗರಡಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕರೆಂಟೂ ಇಲ್ಲ. ಕಿಟಕಿಗಳನ್ನೆಲ್ಲ ತೆರೆದಿಟ್ಟ ಒದಲೈಸಿ ಫ್ರೊಮೆತಾ ಚಾಪೆಯ ಮೇಲೆ ಧಡ್ಡನೆ ಬೀಳುತ್ತಾರೆ. ಎದ್ದು, ಅಂಗಿಯ ಕಾಲರು ಸರಿಮಾಡಿಕೊಂಡು ಮತ್ತೆ ಎದುರು ನಿಲ್ಲುತ್ತಾರೆ, ಮತ್ತೆ ಬೀಳುತ್ತಾರೆ. ನಲವತ್ತೇಳರ ಈ ಹೆಂಗಸಿನ ಉದ್ಯೋಗವೇ ಅದು. ಅಂಧ ಹುಡುಗಿಯರ ತಂಡ ಎದುರಾಳಿಯನ್ನು ಎಸೆಯಲು ಕಲಿಯಬೇಕಾದರೆ ಎಸೆಸಿಕೊಳ್ಳುವವರೂ ಒಬ್ಬರು ಬೇಕಲ್ಲ.

"ಬೆಳಿಗ್ಗೆ ಹೊಟ್ಟೆಗೆ ಒಂದು ಗುಟುಕು ಸಿಹಿ ಕಾಫಿ ಬಿದ್ದರೆ ಆಯ್ತು. ಆಮೇಲೆ ದಿನವಿಡೀ ಬೀಳೋದು ನಾನೇ," ಎಂದು ನಗುತ್ತಾರೆ.

ಒಂದು ಕಾಲಕ್ಕೆ ಪ್ರಾಂತ್ಯದ ಪರ ಆಡಿದವರು. ಮೊಣಕಾಲು ತಿರುಚಿ ಆಟ ನಿಂತಮೇಲೆ ಬೇಕರಿ ಸೇರಿದ್ದರು. ತರಬೇತುದಾರ ಎವೆಲಿಯೊ ಅಲ್ಲಿಂದ ಕರೆತಂದರು. ದಿನಕ್ಕೆ ನೂರಕ್ಕೂ ಹೆಚ್ಚು ಬಾರಿ ಬೀಳುವ ಆ ಬೆನ್ನಿಗೆ ಸಂಜೆ ಅವರ ತಾಯಿ ಎಣ್ಣೆ ತಿಕ್ಕುತ್ತಾರೆ. ತಂಡದ ಫೋಟೊಗಳಲ್ಲಿ ಒದಲೈಸಿಯ ಅಂಗಾಲಷ್ಟೇ ಕಾಣುತ್ತದೆ.

ಬೀಳಿಸುವ ಕೆಲಸ ಬಂದದ್ದು ಈ ವರ್ಷ. ತಂಡದ ಮಾಯ್ಲೆನ್, ಹತ್ತೊಂಬತ್ತರ ಹುಡುಗಿ, ಹವಾನಾದವಳೊಬ್ಬಳಿಗೆ ಎರಡು ಸಲ ಸೋತಿದ್ದಳು. ಎರಡೂ ಸಲ ಒಂದೇ ಪಟ್ಟು. ಮುಂದಿಟ್ಟ ಹೆಜ್ಜೆಯ ಮೇಲೆ ಮೈಭಾರ ಊರುವ ಮೊದಲೇ ಆ ಪಾದವನ್ನು ಅಂಗಾಲಿನಿಂದ ಗುಡಿಸಿಬಿಡುವುದು. ಅದಕ್ಕೆ ಬಲ ಬೇಡ, ಗಳಿಗೆ ತಪ್ಪಬಾರದು, ಅಷ್ಟೆ. ಆಯ್ಕೆ ಪಂದ್ಯದಲ್ಲಿ ಮತ್ತೆ ಸೋತರೆ ಮಾಯ್ಲೆನ್‌ಗೆ ರಾಷ್ಟ್ರೀಯ ತಂಡದ ಬಾಗಿಲು ಮುಚ್ಚಿದಂತೆ. ಸೊಂಟದ ಆಪರೇಷನ್ ಆದ ಎವೆಲಿಯೊಗೆ ಪಟ್ಟನ್ನು ವಿವರಿಸಲು ಬರುತ್ತಿತ್ತು, ಹಾಕಿ ತೋರಿಸಲು ಆಗುತ್ತಿರಲಿಲ್ಲ.

"ನೀನೇ ಕಲಿತುಕೋ ಒದಲೈಸಿ. ಅವಳ ಪಾಲಿಗೆ ಇನ್ನು ಹವಾನಾದವಳು ನೀನೇ," ಎಂದರು.

ಒದಲೈಸಿಯ ಕಾಲು ಬೇಗ ಹೋದರೆ ಗಾಳಿ ಗುಡಿಸುತ್ತಿತ್ತು, ತಡವಾದರೆ ಹುಡುಗಿಯ ಕಣಕಾಲಿಗೆ ಒದೆಯುತ್ತಿತ್ತು. "ಅಕ್ಕಾ, ಅದು ನನ್ನ ಕಾಲು ಕಣೇ, ಫುಟ್‌ಬಾಲ್ ಅಲ್ಲ!" ಎಂದು ಮಾಯ್ಲೆನ್ ಕೂಗುತ್ತಿದ್ದಳು. ಒಂದು ಬೆಳಿಗ್ಗೆ ಪೆಟ್ಟು ಜೋರಾಗಿ ಬಿದ್ದು ಅವಳ ಪಾದ ಊದಿಕೊಂಡಿತು. ಎಕ್ಸ್‌ರೇ ಕೋಣೆಯ ಹೊರಗೆ ಒದಲೈಸಿ ಅವಳ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು.

"ಡಾಕ್ಟರು ಹೊರಗೆ ಬಂದು 'ಮೂಳೆಗೇನೂ ಆಗಿಲ್ಲ' ಅಂದ್ರು ನೋಡಿ, ಅವರನ್ನೇ ತಬ್ಬಿಕೊಂಡುಬಿಟ್ಟೆ. ಪಾಪ, ಗಾಬರಿಯಾದ್ರು."

ಇನ್ನು ಈ ಪಟ್ಟು ಬೇಡವೆಂದು ಒದಲೈಸಿ ಕೈಬಿಟ್ಟಾಗ ಹಟ ಹಿಡಿದವಳು ಮಾಯ್ಲೆನ್. "ನೀನು ನನ್ನ ಪಾದ ನೋಡ್ತಿರ್ತೀಯ, ಅಲ್ವಾ? ನೀನು ಕತ್ತು ಬಗ್ಗಿಸೋದು ಕಾಲರು ಹಿಡಿದಿರೋ ನನ್ನ ಕೈಗೆ ಗೊತ್ತಾಗುತ್ತೆ. ಕಣ್ಣಿಗೆ ಕಾಣೋ ಹೊತ್ತಿಗೆ ತಡವಾಗಿರುತ್ತೆ ಅಕ್ಕಾ. ನನ್ನ ತೋಳು ಹಿಡಿದಿದ್ದೀಯಲ್ಲ, ಹೆಜ್ಜೆ ಎತ್ತೋ ಮುಂಚೆ ಅದು ಹಗುರ ಆಗುತ್ತೆ. ಕಣ್ಮುಚ್ಚು."

ಪಾದ ವಾಸಿಯಾದ ಮೇಲೆ ಇಬ್ಬರೂ ತೋಳು ಹಿಡಿದುಕೊಂಡು ಗರಡಿಯ ಉದ್ದಕ್ಕೂ ಸುಮ್ಮನೆ ನಡೆದರು. ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ, ವಾರಗಟ್ಟಲೆ. ಒಂದು ಬೆಳಿಗ್ಗೆ ಒದಲೈಸಿಯ ಕಾಲು ತಾನಾಗಿಯೇ ಹೋಯಿತು. ಏನೂ ತಗುಲಿದಂತೆಯೇ ಅನಿಸಲಿಲ್ಲ. ಮಾಯ್ಲೆನ್ ಮಾತ್ರ ನೆಲದ ಮೇಲಿದ್ದಳು.

"ಅಯ್ಯೋ, ಪೆಟ್ಟಾಯ್ತಾ ಪುಟ್ಟಿ?"

"ಇಲ್ಲ! ಬಿದ್ದಿದ್ದೇ ಗೊತ್ತಾಗಲಿಲ್ಲ. ಇನ್ನೊಂದ್ಸಲ ಹಾಕು!"

ಆಮೇಲೆ ದಿನವೂ ಒದಲೈಸಿ ಗುಡಿಸುವುದು, ಮಾಯ್ಲೆನ್ ತಪ್ಪಿಸಿಕೊಳ್ಳಲು ನೋಡುವುದು. ಕಳೆದ ತಿಂಗಳು ಸಾಂತಿಯಾಗೊದಲ್ಲಿ ಆಯ್ಕೆ ಪಂದ್ಯ. ಹವಾನಾದವಳು ಕಾಲು ಬೀಸಿದಳು. ಮಾಯ್ಲೆನ್ ಪಾದವನ್ನು ತುಸು ಎತ್ತಿದಳು. ಬೀಸಿದ ಕಾಲು ಅಡಿಯಲ್ಲೇ ಹಾದುಹೋಯಿತು. ಆ ಕಾಲು ನೆಲ ಮುಟ್ಟುವುದರೊಳಗೆ ಮಾಯ್ಲೆನ್ ಅವಳನ್ನು ಸೊಂಟದ ಮೇಲೆ ಹೊತ್ತು ಕೆಡವಿದಳು. ಬೆಂಚಿನ ಮೇಲಿದ್ದ ಒದಲೈಸಿ ಇದ್ಯಾವುದನ್ನೂ ನೋಡಲಿಲ್ಲ, ಮುಖವನ್ನು ಟವೆಲಿನಲ್ಲಿ ಹುದುಗಿಸಿದ್ದರು.

"ತಲೆ ಎತ್ತೇ ಮಾರಾಯ್ತಿ," ಎಂದು ಎವೆಲಿಯೊ ಭುಜ ಅಲುಗಾಡಿಸಿದರು. "ಬಿದ್ದದ್ದು ಹವಾನಾದವಳು!"

ಅಂದು ರಾತ್ರಿ ಒದಲೈಸಿಗೆ ಎಷ್ಟೋ ತಿಂಗಳ ಮೇಲೆ ಕಣ್ತುಂಬ ನಿದ್ದೆ ಬಂತಂತೆ. ಪಂದ್ಯದ ಕೊನೆಗೆ ಮೈಕಿನಲ್ಲಿ ಕೂಗಿದ ಹೆಸರುಗಳಲ್ಲಿ ಅವರದು ಇರಲಿಲ್ಲ. ಬೇಸರವಾಗಲಿಲ್ಲವೇ ಎಂದರೆ, ಚಾಪೆ ಒರೆಸುತ್ತಿದ್ದವರು ಅಲ್ಲೇ ಕೂತು ಮೊಣಕಾಲು ನೀವಿಕೊಳ್ಳುತ್ತಾರೆ.

"ಅಷ್ಟು ಕಷ್ಟಪಟ್ಟು ಕಲಿತ ಪಟ್ಟು ನೋಡಿ. ನಿನ್ನೆ ಎಷ್ಟು ಹಾಕಿದ್ರೂ ಮಾಯ್ಲೆನ್ ಬೀಳಲೇ ಇಲ್ಲ," ಎನ್ನುವಾಗ ಒದಲೈಸಿಯ ಮುಖ ಅರಳುತ್ತದೆ.