ಬೆಳ್ಳಿ ಬಣ್ಣದ ಇಂಜಿನ್ನು

ಗಂಡ ತೀರಿಕೊಂಡ ಮೇಲೆ ನಾನು ಕೊಳ್ಳೇಗಾಲಕ್ಕೆ, ಅಣ್ಣನ ಮನೆಗೆ ವಾಪಸು ಬಂದೆ. ಎಪ್ಪತ್ತರ ದಶಕದ ಶುರು. ಅಣ್ಣ ಅನ್ನ ಹಾಕುವುದಕ್ಕೆ ಹಿಂದೆಮುಂದೆ ನೋಡಲಿಲ್ಲ, ಅದನ್ನು ಹೇಳದಿದ್ದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಹನೂರಿನ ಶಾಲೆಯಲ್ಲಿ ನನಗೊಂದು ಹಂಗಾಮಿ ಟೀಚರ್ ಕೆಲಸವೂ ಸಿಕ್ಕಿತು. ಸೇರಿದ ದಿನವೇ ಹೆಡ್‌ಮೇಷ್ಟ್ರು ಹೇಳಿದ್ದರು:

"ಪ್ರಾರ್ಥನೆ ಒತ್ಗೆ ಇಲ್ಲಿರ್ಬೇಕು ಕಣಮ್ಮ. ಇಲ್ದಿದ್ರೆ ಬೇರೇರ್ನ ನೋಡ್ಕತೀನಿ."

ಬಸ್ಸು ನಂಬಿದರೆ ಪ್ರಾರ್ಥನೆ ಮುಗಿದ ಮೇಲೆಯೇ ಹನೂರು. ಆದರೆ ಅಣ್ಣನದು ಬಾಡಿಗೆ ಕಾರು. ಮಹದೇಶ್ವರ ಬೆಟ್ಟಕ್ಕೆ ಹೋಗುವವರನ್ನು ಬಸ್‌ಸ್ಟ್ಯಾಂಡಿನ ಹತ್ತಿರ ತುಂಬಿಕೊಂಡು ಬೆಳಿಗ್ಗೆಯೇ ಹನೂರಿನ ಮೇಲೆ ಹೋಗುತ್ತಿದ್ದ. ಮನೆ ಮುಂದೆ ಎಲ್ಲರಿಗಿಂತ ಮೊದಲು ಹತ್ತಿ ಕೂರುವವಳು ನಾನು. ಶಾಲೆಯ ಮುಂದೆ ನನ್ನನ್ನು ಇಳಿಸಿ ಅವನು ಬೆಟ್ಟದ ದಾರಿ ಹಿಡಿಯುತ್ತಿದ್ದ.

ಪೆಟ್ರೋಲ್ ಕಾರಿಗೆ ಡೀಸೆಲ್ ಇಂಜಿನ್ ಕೂರಿಸಿದ್ದ ಹಳೇ ಗಾಡಿ ಅದು. ಬೆಳಗಿನ ಥಂಡಿಗೆ ಸುಮ್ಮನೆ ಏಳುವ ಪೈಕಿಯಲ್ಲ. ಇಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಲ್ಲಿ ಒಂದು ಹೀಟರ್ ಇತ್ತು. ಕೀ ಅರ್ಧ ತಿರುಗಿಸಿ ಸ್ವಲ್ಪ ಹೊತ್ತು ಕಾದರೆ ಅದರೊಳಗಿನ ಸುರುಳಿ ತಂತಿ ಕೆಂಪಗಾಗಿ ಗಾಳಿ ಬಿಸಿಯಾಗುತ್ತಿತ್ತು. ಆಮೇಲೆ ಸ್ಟಾರ್ಟ್ ಕೊಟ್ಟರೆ ಹಿಡಿಯುತ್ತಿತ್ತು. ಬಿಸಿಲೇರಿದ ಮೇಲೆ ಹೀಟರಿನ ಗೊಡವೆ ಇರಲಿಲ್ಲ.

ನಮ್ಮ ಕಡೆ ಆಯುಧಪೂಜೆಗೆ ನೇಗಿಲಿಗೂ ಬಣ್ಣ, ಪಂಪ್‌ಸೆಟ್ಟಿಗೂ ಬಣ್ಣ. ಆ ವರ್ಷ ಅಣ್ಣ ಇಂಜಿನ್ನಿನ ಮೇಲಿನ ಸಾಮಾನೆಲ್ಲ ಬಿಚ್ಚಿ, ತೊಳೆದು, ಬೆಳ್ಳಿ ಬಣ್ಣ ಹೊಡೆದ. ಬೋಲ್ಟುಗಳನ್ನೂ ಬಿಡಲಿಲ್ಲ. ಬಾನೆಟ್ಟು ಎತ್ತಿದರೆ ಇಂಜಿನ್ನು ಹೊಸ ಮದುವಣಿಗನ ಹಾಗೆ ಮಿಂಚುತ್ತಿತ್ತು. ಅತ್ತಿಗೆ ಆರತಿ ಎತ್ತಿದಳು, ಬೀದಿಯವರು ಕೈಮುಗಿದರು. ನಾನು ಬಾಗಿಲ ಒಳಗೇ ನಿಂತು ನೋಡಿದೆ.

ದಸರಾ ರಜೆ ಮುಗಿದು ಶಾಲೆ ಶುರುವಾದ ದಿನ ಗಾಡಿ ಹಿಡಿಯಲಿಲ್ಲ. ಸ್ಟಾರ್ಟರ್ ಗರಗರ ತಿರುಗಿತು, ಅಷ್ಟೆ. ನೆರೆಯವರು ಬಂದು ನೂಕಿದರು, ಸೀರೆ ಸೆರಗು ಸಿಕ್ಕಿಸಿ ನಾನೂ ನೂಕಿದೆ. ಅದು ಕೆಮ್ಮಿಕೊಂಡು ಎದ್ದಾಗ ಪ್ರಾರ್ಥನೆಯ ಹೊತ್ತು ಮೀರಿತ್ತು. ಮಾರನೆಯ ದಿನವೂ ಅದೇ ಹಾಡು, ಅದರ ಮಾರನೆಯ ದಿನವೂ. ಮಧ್ಯಾಹ್ನವಾದರೆ ಅದೇ ಗಾಡಿ ತಟಕ್ಕನೆ ಹಿಡಿಯುತ್ತಿತ್ತು. ಅಣ್ಣ ಡೀಸೆಲ್ ಪೈಪಿನ ಗಾಳಿ ತೆಗೆದ, ಬ್ಯಾಟರಿ ಚಾರ್ಜಿಗೆ ಹಾಕಿಸಿದ, ಹೀಟರಿಗೆ ಬರುವ ತಂತಿಯನ್ನೇ ಬದಲಾಯಿಸಿದ. ಏನೂ ಗಿಟ್ಟಲಿಲ್ಲ. ಹೆಡ್‌ಮೇಷ್ಟ್ರು ಗಡಿಯಾರ ನೋಡಿ ನನ್ನ ಮುಖ ನೋಡತೊಡಗಿದರು.

ಕಾರಣವನ್ನು ಕಂಡುಹಿಡಿದವಳು ಅತ್ತಿಗೆ. ಬಾನೆಟ್ಟು ಎತ್ತುವ ಕಷ್ಟವೂ ಅವಳಿಗೆ ಬೇಕಾಗಲಿಲ್ಲ.

"ಬೋಣಿ ಯಾರ್ದು ಅಂತ ನೋಡ್ಬೇಕಲ್ವಾ? ಪೂಜೆ ಮಾಡಿದ್ ಗಾಡಿಗೆ ದಿನಾ ಮೊದ್ಲು ಮುಂಡೆ ಅತ್ತಿ ಕೂತ್ಕಂಡ್ರೆ ಅದ್ಯಾಕ್ ಒಂಟದು?"

ಅಣ್ಣ ಕೇಳಿಸಿಕೊಂಡ. ಕೇಳಿಸದವನ ಹಾಗೆ ಬೀಡಿ ಹಚ್ಚಿದ. ನೂಕುವಾಗ ನನ್ನ ಕೈ ಯಾರಿಗೂ ಅಮಂಗಳವಾಗಿರಲಿಲ್ಲ, ಕೂತಾಗ ಮಾತ್ರ ಆಯಿತು. ಆ ಉರಿ ಇವತ್ತಿಗೂ ಆರಿಲ್ಲ. ಮಾರನೆಯ ದಿನದಿಂದ ನಾನು ಬಸ್ಸಿಗೆ ಹೋದೆ. ಗಾಡಿ ಆಗಲೂ ಹಿಡಿಯಲಿಲ್ಲ. ಅದಕ್ಕೆ ಅತ್ತಿಗೆಯ ಹತ್ತಿರ ಉತ್ತರವಿತ್ತು: ದೋಷ ಇಳಿಯುವುದಕ್ಕೆ ಹೊತ್ತು ಬೇಕಂತೆ.

ಆ ಭಾನುವಾರ ಬೆಳಿಗ್ಗೆ ಅಣ್ಣ ಹೀಟರನ್ನೇ ಬಿಚ್ಚಿದ. ನಾನು ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಅದಕ್ಕೆ ಬ್ಯಾಟರಿಯಿಂದ ನೇರವಾಗಿ ಎರಡು ತಂತಿ ಕೊಟ್ಟ, ಸುರುಳಿ ಕೆಂಡವಾಯಿತು. ಇಂಜಿನ್ನಿಗೆ ಕೂರಿಸಿ ಕೀ ತಿರುಗಿಸಿದ, ತಣ್ಣಗಿತ್ತು. ಮತ್ತೆ ಬಿಚ್ಚಿದ, ಕೆಂಡ. ಮತ್ತೆ ಕೂರಿಸಿದ, ತಣ್ಣಗೆ. ತಲೆ ಕೆರೆದುಕೊಂಡು ಹೀಟರಿನ ತಳ ತಿರುಗಿಸಿ ನೋಡಿದ, ಅದು ಕೂರುವ ಜಾಗ ನೋಡಿದ. ಎರಡಕ್ಕೂ ದಪ್ಪಗೆ ಬೆಳ್ಳಿ ಬಣ್ಣ.

"ಥತ್, ಅರ್ತಿಂಗೇ ಸಿಕ್ತಿಲ್ಲ," ಎಂದ, ತನಗೆ ತಾನೇ.

ತಂತಿಯಲ್ಲಿ ಬಂದ ಕರೆಂಟು ಹೀಟರಿನ ಮೈಯಿಂದ ಇಂಜಿನ್ನಿಗೆ ಇಳಿಯಬೇಕು. ಕಬ್ಬಿಣಕ್ಕೆ ಕಬ್ಬಿಣ ತಾಗಬೇಕು. ನಡುವೆ ಬಣ್ಣ ಕೂತಿತ್ತು. ಅಣ್ಣ ಉಪ್ಪುಕಾಗದ ತಂದು ಬೋಲ್ಟು, ತಳ, ಎಲ್ಲ ಉಜ್ಜಿದ. ಬಿಗಿ ಮಾಡಿ, ಕೀ ತಿರುಗಿಸಿ, ಕಾದು, ಸ್ಟಾರ್ಟ್ ಕೊಟ್ಟ. ಒಂದೇ ಏಟಿಗೆ ಹಿಡಿಯಿತು.

ಅತ್ತಿಗೆ ಒಳಗಿಂದ ತೆಂಗಿನಕಾಯಿ ಹಿಡಿದು ಓಡಿ ಬಂದಳು.

"ನಾನೇಳ್ನಿಲ್ವಾ? ಅವ್ಳು ಗಾಡಿ ಅತ್ತದ್ ಬುಟ್ಟ್‌ಮೇಲೆ ಎಂಗ್ ಓಡ್ತದೆ ನೋಡಿ! ಬೆಟ್ಟದ್ ಮಾದಪ್ಪ ಕಣ್ಬುಟ್ಟ."

ನಾನು ಅಣ್ಣನನ್ನೇ ನೋಡಿದೆ. ಅವನ ಉಗುರುಗಳಲ್ಲಿ ಇನ್ನೂ ಬೆಳ್ಳಿ ಬಣ್ಣದ ಪುಡಿ ಇತ್ತು. ಒಂದು ಮಾತು ಸಾಕಿತ್ತು. ಅವನು ಕಾಯಿ ಇಸಿದುಕೊಂಡು ಚಕ್ರದ ಮುಂದೆ ಒಡೆದ. ಹೆಂಡತಿ ಒಳಗೆ ಹೋದ ಮೇಲೆ ನನ್ನ ಹತ್ತಿರ ಬಂದ.

"ಬಸ್ಸಲ್ಲೇ ಓಗವ್ವ. ಮನೇಲಿ ಯಾಕ್ ಸುಮ್ನೆ ಮಾತು?"

ದೀಪಾವಳಿ ಕಳೆಯುವಷ್ಟರಲ್ಲಿ ಹೆಡ್‌ಮೇಷ್ಟ್ರು ಬೇರೆಯವರನ್ನು ನೋಡಿಕೊಂಡರು. ನಾನು ಅಡಿಗೆಮನೆ ಸೇರಿದೆ. ಅಣ್ಣನಿಗೆ ಮರೆತೇಹೋಗಿರಬಹುದು, ಗಂಡಸರಿಗೆ ಇಂಥದ್ದೆಲ್ಲ ಎಲ್ಲಿ ನೆನಪಿರುತ್ತದೆ ಎಂದು ವರ್ಷವಿಡೀ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮುಂದಿನ ಆಯುಧಪೂಜೆ ಬಂತು. ಅಣ್ಣ ಮತ್ತೆ ಬೆಳ್ಳಿ ಬಣ್ಣದ ಡಬ್ಬಿ ತೆರೆದ. ಬ್ರಷ್ಷು ಅದ್ದುವ ಮೊದಲು ಹಳೇ ಪೇಪರು ಹರಿದು, ಹೀಟರ್ ಕೂರುವ ಜಾಗಕ್ಕೆ ಜೋಪಾನವಾಗಿ ಅಂಟಿಸಿದ.