ರೊಟ್ಟಿ ಪ್ರಬಂಧಕ್ಕೆ ಬಂದ ಬಹುಮಾನ

ಬಹುಮಾನ ಬಾರದೆ ಒದ್ದಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಬಂದದ್ದಕ್ಕೆ ಒದ್ದಾಡಿದವಳು ನಾನೊಬ್ಬಳೇ ಇರಬೇಕು. ಅದು ಬಂದ ಮೇಲೆ ಕುಂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಆಗ ನಾನು ಆರ್ಥಿಕ ಭೂಗೋಳದಲ್ಲಿ ಎಂ.ಎ. ಓದುತ್ತಿದ್ದೆ. ಯಾವ ಕಸುಬು ಎಲ್ಲಿ ಬೇರೂರುತ್ತದೆ, ಯಾಕೆ ಅಲ್ಲೇ ಬೇರೂರುತ್ತದೆ ಎಂದು ಕೇಳುವ ಶಾಸ್ತ್ರ ಅದು. ವಿದ್ಯಾರ್ಥಿಗಳ ಸಂಶೋಧನಾ ಪ್ರಬಂಧ ಸ್ಪರ್ಧೆ ಇದೆ ಎಂದು ವಿಭಾಗದಲ್ಲಿ ಹೇಳಿದ ಕೂಡಲೇ ಜೊತೆಯವರೆಲ್ಲ ಒಳ್ಳೊಳ್ಳೆಯ ವಿಷಯ ಬಾಚಿಕೊಂಡರು. ಒಬ್ಬ ನಾಚಾರಂನ ಸಣ್ಣ ಕಾರ್ಖಾನೆಗಳನ್ನು ಹಿಡಿದ, ಒಬ್ಬಳು ಅಬಿಡ್ಸ್‌ನ ಪುಸ್ತಕದಂಗಡಿಗಳನ್ನು. ನಾನು ಊರೆಲ್ಲ ತಿರುಗಿ, ಚಪ್ಪಲಿ ಸವೆಸಿ, ಏನೂ ಹೊಳೆಯದೆ ಸಿಟ್ಟಿನಿಂದ ಮನೆಗೆ ಬಂದು ಹಿತ್ತಲಲ್ಲಿ ಕೂತೆ. ಎದುರಿಗೆ ಅತ್ತಿ ರೊಟ್ಟಿ ಬಡಿಯುತ್ತಿದ್ದಳು.

ಅತ್ತಿ ಎಂದರೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಬೀದರಿನಿಂದ ಕಾಚಿಗುಡದ ನಮ್ಮ ಮನೆಗೆ ಬಂದವಳು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಹಿತ್ತಲಲ್ಲೇ ಒಲೆ ಹೂಡಿ ಜೋಳದ ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದಳು. ಭಾನುವಾರ ಬಂತೆಂದರೆ ಮಾದಾಪುರದ ಐಟಿ ಕಚೇರಿಗಳಲ್ಲಿ ದುಡಿಯುವ ಕಲಬುರ್ಗಿ, ವಿಜಯಪುರ ಕಡೆಯ ಹುಡುಗ ಹುಡುಗಿಯರು ಸ್ಕೂಟರ್ ಏರಿ, ಇಡೀ ಊರು ದಾಟಿ ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಒಂದು ರೊಟ್ಟಿಗಾಗಿ ಇಷ್ಟು ದೂರ ಯಾಕೆ? ಅದೇ ನನ್ನ ಪ್ರಬಂಧವಾಯಿತು.

ಪ್ರಶ್ನೆಗಳ ಹಾಳೆ ಹಿಡಿದು ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಪೀಡಿಸಿದೆ. ಎಲ್ಲಿಂದ ಬಂದ್ರಿ, ಎಷ್ಟೊತ್ತು ಹಿಡೀತು, ಹತ್ತಿರ ಸಿಕ್ಕರ ಅಲ್ಲೇ ತಗೋತೀರೇನು?

"ಅಕ್ಕಾರ, ಮೊದಲ ರೊಟ್ಟಿ ಕೊಡಸ್ರಿ, ಆಮ್ಯಾಲ ಪೊಲೀಸ್ ವಿಚಾರಣಿ ಮಾಡ್ರಿ" ಎಂದ ಒಬ್ಬ. ಅತ್ತಿ ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಅಂತಿಮ ಸುತ್ತಿಗೆ ಆಯ್ಕೆಯಾದೆ. ಅಪ್ಪ ಸರ್ಕಾರಿ ಕಚೇರಿಯ ನೌಕರ, ಸುಮ್ಮಸುಮ್ಮನೆ ರಜೆ ಹಾಕುವವನಲ್ಲ. ಅವತ್ತು ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಬಂದ. ಅತ್ತಿಯೂ ಬಂದಳು, ಪರೀಕ್ಷಕರಿಗೆಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ನನಗೆ ನಾಚಿಕೆಯಾಗಿ ಆ ಗಂಟನ್ನು ಕುರ್ಚಿಯ ಕೆಳಗೆ ಸರಿಸಿದೆ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಕೊನೆಗೆ ಪರೀಕ್ಷಕರಲ್ಲಿ ಒಬ್ಬರು ಕನ್ನಡಕ ಕೆಳಗಿಳಿಸಿ ಇಂಗ್ಲಿಷಿನಲ್ಲಿ ಕೇಳಿದರು. ಗಿರಾಕಿಗಳೆಲ್ಲ ಅಲ್ಲಿ, ಒಲೆ ಇಲ್ಲಿ. ಹಾಗಾದರೆ ನಿಮ್ಮ ಶಿಫಾರಸು ಏನು?

ಶಿಫಾರಸು ಎಂಬುದನ್ನು ನಾನು ಬರೆದೇ ಇರಲಿಲ್ಲ. ಸುಮ್ಮನಿರುವ ಜಾಯಮಾನವೂ ನನ್ನದಲ್ಲ. "ತಯಾರಿಸುವವರು ಮಾದಾಪುರಕ್ಕೆ ಸ್ಥಳಾಂತರವಾಗಬೇಕು, ವ್ಯಾಪಾರ ಖಂಡಿತ ಬೆಳೆಯುತ್ತದೆ" ಎಂದುಬಿಟ್ಟೆ. ಪರೀಕ್ಷಕರು ತಲೆಯಾಡಿಸಿದರು. ಎರಡನೇ ಬಹುಮಾನ ಬಂತು. ಅಪ್ಪ ಪಕ್ಕದಲ್ಲಿದ್ದ ಅತ್ತಿಗೆ ನನ್ನ ಉತ್ತರವನ್ನು ಅಕ್ಷರ ಬಿಡದೆ ಕನ್ನಡದಲ್ಲಿ ಹೇಳಿದ್ದನಂತೆ.

ಆಟೋದಲ್ಲಿ ಅತ್ತಿ ಕೇಳಿದಳು: "ನಾ ಮಾದಾಪುರಕ್ಕ ಹೋಗಬೇಕು ಅಂತ ಹೇಳಿದಿಯಂತಲ್ಲ, ಖರೇ ಏನು?"

"ಹೂಂ, ಹಂಗಂತ ಶಾಸ್ತ್ರ ಹೇಳತೈತಿ" ಎಂದೆ. ಗೆದ್ದ ಅಮಲಿನಲ್ಲಿದ್ದೆ.

ಅಪ್ಪ ಬಹುಮಾನದ ಫಲಕವನ್ನು ಪಡಸಾಲೆಯ ಶೋಕೇಸಿನಲ್ಲಿಟ್ಟ. ಮನೆಗೆ ಬಂದವರು ಅದನ್ನು ನೋಡದೆ ಚಹಾ ಕುಡಿಯುವಂತಿರಲಿಲ್ಲ. ಆ ಸಂಭ್ರಮದ ನಡುವೆಯೇ ಒಂದು ದಿನ ಊಟಕ್ಕೆ ಕೂತಾಗ ಅತ್ತಿ ಹೇಳಿದಳು: "ಅಣ್ಣಾ, ನಾ ಮಾದಾಪುರದಾಗ ಒಂದು ಖೋಲಿ ಬಾಡಿಗಿ ಹಿಡಿತೀನಿ. ಒಲಿ ಅಲ್ಲೇ ಹೂಡತೀನಿ."

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ಹುಚ್ಚು ಹಿಡದೈತೇನು? ಅಣ್ಣ ಇರೂ ಮುಂದ ತಂಗಿ ಬಾಡಿಗಿ ಖೋಲ್ಯಾಗ ಇದ್ದರ ಮಂದಿ ಏನಂತಾರ?"

"ಅಷ್ಟು ದೊಡ್ಡ ಮಂದಿ ಕುಂತು, ಬರೋಬ್ಬರಿ ಐತಿ ಅಂತ ಬಹುಮಾನ ಕೊಟ್ಟಾರ. ನೀನ ಎಲ್ಲಾರಿಗೂ ತೋರಸಾಕತ್ತಿ. ಈಗ ಅದು ಸುಳ್ಳು ಅಂತೀಯೇನು?"

ಅಪ್ಪನಿಗೆ ಬಿಸಿ ತುಪ್ಪ, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಅವ್ವ ನನ್ನ ಕಡೆ ತಿರುಗಿ, "ಮಾತು ಮನಿ ಕೆಡಸ್ತು, ತೂತು ಒಲಿ ಕೆಡಸ್ತು" ಎಂದಳು. ನನ್ನ ಮಾತು ಎರಡನ್ನೂ ಒಟ್ಟಿಗೇ ಕೆಡಿಸುವ ಹಾಗೆ ಕಂಡಿತು.

ಅಲ್ಲಿಂದ ಶುರುವಾಯಿತು ನನ್ನ ಚಡಪಡಿಕೆ. ಓದಲು ಕೂತರೆ ಅಕ್ಷರ ನಿಲ್ಲದು. ಅತ್ತಿಯ ವ್ಯಾಪಾರ ಮುಳುಗಿದಂತೆ, ಅವಳು ಗಂಟು ಹೊತ್ತು ಹಿಂದಿರುಗಿದಂತೆ, ಎಲ್ಲರೂ ನನ್ನ ಫಲಕವನ್ನು ನೋಡುತ್ತ ನಿಂತಂತೆ ಹಗಲಲ್ಲೇ ಕಾಣುತ್ತಿತ್ತು. ವಿಭಾಗದಲ್ಲಿ ನನ್ನ ಪ್ರಬಂಧದ ಮಾರ್ಗದರ್ಶಕರ ಬಳಿ ಓಡಿದೆ. ಅವರು ಹೊಟ್ಟೆ ಹಿಡಿದು ನಕ್ಕರು. "ಪ್ರಬಂಧದ ಶಿಫಾರಸನ್ನು ಇಲ್ಲಿಯ ತನಕ ಯಾರೂ ಪಾಲಿಸಿದ್ದಿಲ್ಲಮ್ಮ, ನಿನ್ನದೇ ಮೊದಲು" ಎಂದರು. ಅವರ ಮೇಲೂ ಸಿಟ್ಟು ಬಂತು. ಮನೆಗೆ ಬಂದು, ಗೆಲ್ಲಲು ಹೇಳಿದ್ದನ್ನೆಲ್ಲ ಅತ್ತಿಯ ಎದುರು ತಿರುಗಿಸಿ ಹೇಳಿದೆ. ಹಿಟ್ಟಿನ ಗಿರಣಿ ಇಲ್ಲೇ ಓಣಿಯಲ್ಲಿದೆ, ಬಡಿಯಲು ಬರುವ ಹೆಂಗಸರು ಇಲ್ಲಿಯವರು, ಹಬ್ಬಕ್ಕೆ ಸಾಲು ಹಚ್ಚುವ ಹಳೆಯ ಮನೆತನಗಳು ಇಲ್ಲಿವೆ. ಅತ್ತಿ ಎಲ್ಲದಕ್ಕೂ "ಹೂಂ" ಎಂದಳು. ನಂತರ, "ನಾಳೆ ಖೋಲಿ ನೋಡಾಕ ಹೋಗೂಣು, ನೀನೂ ಬಾ" ಎಂದಳು.

ಮೆಟ್ರೋದಲ್ಲಿ ಅಮೀರ್‌ಪೇಟೆಯಲ್ಲಿ ಗಾಡಿ ಬದಲಾಯಿಸಿ ಹೋದೆವು. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡವರ ನಡುವೆ ಅತ್ತಿ ಕಿಟಕಿಗೆ ಮುಖ ಹಚ್ಚಿ ನಿಂತಿದ್ದಳು. ನಾನು ಒಂದೇ ಸಮನೆ ಒದರುತ್ತಿದ್ದೆ. ಖೋಲಿ ಇದ್ದದ್ದು ಒಂದು ಹಾಸ್ಟೆಲಿನ ಹಿಂದೆ, ಕಟ್ಟಡದ ಎರಡನೇ ಮಹಡಿಯಲ್ಲಿ. ಮೆಟ್ಟಿಲಲ್ಲಿ ನನ್ನ ತಾಳ್ಮೆ ಹರಿಯಿತು.

"ಅತ್ತಿ, ಅವತ್ತು ನಾ ಬಾಯಿಗೆ ಬಂದದ್ದು ಹೇಳೀನಿ. ಶಾಸ್ತ್ರನೂ ಇಲ್ಲ, ಗೀಸ್ತ್ರನೂ ಇಲ್ಲ. ವ್ಯಾಪಾರ ಬಿದ್ದರ ಏನ ಮಾಡತಿ?"

"ಬೀಳ್ಲಿ."

"ಬೀಳ್ಲಿ ಅಂದರ?"

ಅತ್ತಿ ಕಟಕಟೆ ಹಿಡಿದು ಉಸಿರು ತೆಗೆದುಕೊಂಡಳು. "ವ್ಯಾಪಾರದ ಸಲುವಾಗಿ ಯಾರು ಹೊಂಟಾರ, ಹುಚ್ಚಿ? ನಮ್ಮಣ್ಣ ಭಾಳ ಚಲೋ ನೋಡಿಕೊಂಡಾನ. ಚಲೋ ನೋಡಿಕೊಂಡವರ ಮನಿ ಬಿಟ್ಟು ಹೊಂಟೀನಿ ಅನ್ನಾಕ ಒಂದು ಕಾರಣ ಬೇಕಾಗತೈತಿ. ನನ್ನ ಕಡೆ ಇದ್ದಿಲ್ಲ. ನೀ ಕೊಟ್ಟಿ."

ಹುಟ್ಟಿದಾಗಿನಿಂದ ನೋಡಿದ್ದೆ, ಅವಳು ನಮ್ಮ ಮನೆಯವಳು, ಹಿತ್ತಲಿನವಳು, ಒಲೆಯ ಹಾಗೆ ಅಲ್ಲೇ ಇರುವವಳು. ಅವಳಿಗೆ ಎಲ್ಲಿರಬೇಕೆಂದು ಆಸೆ ಇರಬಹುದೆಂದು ಹೊಳೆದೇ ಇರಲಿಲ್ಲ. ದುಃಖವಾಯಿತು. ನಮ್ಮನ್ನು ಬಿಟ್ಟು ಹೋಗಲು ಇಷ್ಟು ವರ್ಷ ಕಾದಳಲ್ಲ ಎಂದು ಕೋಪವೂ ಬಂತು.

ಮನೆಯೊಡತಿ ತೆಲುಗಿನಲ್ಲಿ ನೀರು ಬಿಡುವ ಹೊತ್ತು ಹೇಳಿ, ಕೀಲಿ ಕೊಟ್ಟು ಕೆಳಗಿಳಿದಳು. ಚಿಕ್ಕ ಖೋಲಿ, ಒಂದು ಕಿಟಕಿ, ಸುಣ್ಣದ ವಾಸನೆ. ನನಗೆ ಉಸಿರುಗಟ್ಟಿ ಹೊರಗೆ ಬಂದು ನಿಂತೆ. ಅತ್ತಿ ಒಳಗಿನಿಂದ ಬಾಗಿಲು ಮುಚ್ಚಿದಳು. ಚಿಲಕ ಹಾಕಿದ ಸದ್ದಾಯಿತು.

ನಮ್ಮ ಮನೆಯಲ್ಲಿ ಅತ್ತಿ ಮಲಗುತ್ತಿದ್ದದ್ದು ಪಡಸಾಲೆಯಲ್ಲಿ, ಎಲ್ಲರೂ ಟಿವಿ ನೋಡಿ ಎದ್ದ ಮೇಲೆ. ಸೀರೆ ಬದಲಿಸಲು ಬಚ್ಚಲಿಗೆ ಹೋಗುತ್ತಿದ್ದಳು. ಅದು ಆವರೆಗೆ ನನ್ನ ತಲೆಗೆ ಬಂದಿರಲಿಲ್ಲ.

"ಅತ್ತಿ?" ಎಂದು ಬಾಗಿಲು ಬಡಿದೆ. ಇನ್ನೊಮ್ಮೆ ಬಡಿಯಲು ಕೈ ಎತ್ತಿದೆ.

"ಸ್ವಲ್ಪ ತಡಿ" ಎಂದಳು ಒಳಗಿನಿಂದ. "ಈಗ ಬರೂದಿಲ್ಲ."

ನಾನು ಕೈ ಇಳಿಸಿ ಮೆಟ್ಟಿಲ ಮೇಲೆ ಕೂತೆ. ಬಹುಮಾನ ಬಂದ ಮೇಲೆ ಅವತ್ತೇ ಮೊದಲು ಸುಮ್ಮನೆ ಕೂತದ್ದು.